ಇದರ ಮ್ಯಾಲೆ ರೊಟ್ಟಿ ಬಡಿಯಾಕ ಬರ್ತೈತೇನ?

ಮಾಡ್ಯುಲರ್ ಕಿಚನ್ ಶೋರೂಮುಗಳಲ್ಲಿ ಹಿಂಗಿನ ವಾಸನೆ ಇರುವುದಿಲ್ಲ. ಎಣ್ಣೆ ಡಬ್ಬ, ಮಸಿಬಟ್ಟೆ, ಒದ್ದೆ ಪಾತ್ರೆ, ಯಾವುದೂ ಇಲ್ಲ. ಕಟ್ಟೆಯ ಮೇಲೊಂದು ಗಾಜಿನ ಬಟ್ಟಲು, ಅದರಲ್ಲಿ ಮೂರು ಪ್ಲಾಸ್ಟಿಕ್ ನಿಂಬೆಹಣ್ಣು. ಬೆಂಗಳೂರಿನ ನಮ್ಮ ಹಳೇ ಫ್ಲ್ಯಾಟಿನ ಅಡುಗೆಮನೆ ಹೊಸದು ಮಾಡಿಸಲು ಹೊರಟು ಇಂಥ ಏಳೆಂಟು ಅಂಗಡಿ ಸುತ್ತಿದೆವು. ಜೊತೆಗೆ ವಿಜಯಪುರದ ಕಡೆಯ ನಮ್ಮತ್ತೆ ಇದ್ದರು. ಹಾಲಿನಂಥ ಬಿಳಿ ಕ್ವಾರ್ಟ್ಜ್ ಕಟ್ಟೆಯ ಮೇಲೆ ಅಂಗೈ ಆಡಿಸಿ ಅವರು ಸೇಲ್ಸ್ ಹುಡುಗನನ್ನು ಕೇಳಿದ್ದು ಒಂದೇ: "ಇದರ ಮ್ಯಾಲೆ ರೊಟ್ಟಿ ಬಡಿಯಾಕ ಬರ್ತೈತೇನಪಾ?" ಅವನು ನಕ್ಕ. "ರೊಟ್ಟಿಗೆ ಬೇರೆ ಬೋರ್ಡ್ ಬರುತ್ತೆ ಆಂಟಿ" ಅಂದ.

ಆಮೇಲೆ ನೋಡಿದ ಪ್ರತಿಯೊಂದು ಕಲ್ಲು, ಒಲೆ, ಚಿಮ್ನಿಗೂ ನಾನು ಇದೇ ಪ್ರಶ್ನೆ ಹಾಕುತ್ತ ಬಂದೆ. ನಮ್ಮ ಊರುಗಳಲ್ಲಿ ಈಗ ನಡೆಯುತ್ತಿರುವ ಅಡುಗೆಮನೆ ನವೀಕರಣದ ದೊಡ್ಡ ದೋಷ ಇದು: ಆಯ್ಕೆ ಬಣ್ಣದಿಂದ ಶುರುವಾಗುತ್ತದೆ, ಅಲ್ಲಿ ಏನು ಬೇಯಬೇಕು ಎನ್ನುವುದು ಕೊನೆಗೆ ಬರುತ್ತದೆ.

ಈ ಪದ್ಧತಿಯ ಮೂಲ ಹಾಗಿರಲಿಲ್ಲ ಎನ್ನುವುದೇ ತಮಾಷೆ. ಜೋಡಿಸಿಟ್ಟ ಕಪಾಟಿನ ಆಧುನಿಕ ಅಡುಗೆಮನೆಗೆ ಅಜ್ಜಿ ಎನ್ನಬಹುದಾದದ್ದು 1926ರ ಫ್ರಾಂಕ್‌ಫರ್ಟ್ ಕಿಚನ್. ವಿಯೆನ್ನಾದ ವಾಸ್ತುಶಿಲ್ಪಿ ಮಾರ್ಗರೆಟ್ ಶುಟ್ಟೆ-ಲಿಹೋಟ್ಸ್ಕಿ ಕಾರ್ಮಿಕರ ವಸತಿಗಾಗಿ ಅದನ್ನು ರೂಪಿಸಿದರು. ಅಗಲ ಎರಡು ಮೀಟರಿಗೂ ಕಡಿಮೆ, ಉದ್ದ ಸುಮಾರು 3.4 ಮೀಟರ್. ರೈಲಿನ ಊಟದ ಬೋಗಿಯ ಅಡುಗೆಕೋಣೆ ಅದಕ್ಕೆ ಮಾದರಿ. ಆಕೆಗೆ ಅಡುಗೆ ಬರುತ್ತಿರಲಿಲ್ಲ. ಅದನ್ನು ಆಕೆಯೇ ಹೇಳಿಕೊಂಡಿದ್ದರು. ಆದರೂ ಹಿಟ್ಟಿನ ಡ್ರಾಯರನ್ನು ಓಕ್ ಮರದಲ್ಲೇ ಮಾಡಿಸಿದರು, ಆ ಮರದ ಒಗರಿಗೆ ಹಿಟ್ಟಿನ ಹುಳ ಬರುವುದಿಲ್ಲವೆಂದು. ಹಿಟ್ಟಿನ ಚಿಂತೆ ಮಾಡಿದ ಮೇಲೆ ಮರ ಆರಿಸುವ ಆ ಕ್ರಮ ನಮ್ಮ ಶೋರೂಮುಗಳಿಗೆ ಬರುವಷ್ಟರಲ್ಲಿ ದಾರಿಯಲ್ಲೆಲ್ಲೋ ಉದುರಿಹೋಗಿದೆ.

ಕಟ್ಟೆಯ ಕಲ್ಲಿಗೆ ಬರೋಣ. ಕ್ವಾರ್ಟ್ಜ್ ಎಂದು ಮಾರುವುದು ಕಲ್ಲಲ್ಲ, ಕಲ್ಲುಪುಡಿಯ ಹಲಗೆ. ತೊಂಬತ್ತು ಭಾಗ ಕ್ವಾರ್ಟ್ಜ್ ಪುಡಿ, ಉಳಿದದ್ದು ಅದನ್ನು ಹಿಡಿದಿಡುವ ರೆಸಿನ್ ಮತ್ತು ಬಣ್ಣ. ಅದರ ಗುಣಗಳನ್ನು ಅಲ್ಲಗಳೆಯಲಾರೆ: ಸೂಕ್ಷ್ಮ ರಂಧ್ರಗಳಿಲ್ಲ, ಎಣ್ಣೆ ಹೀರುವುದಿಲ್ಲ, ಬಣ್ಣ ಎಲ್ಲ ಕಡೆ ಒಂದೇ ಸಮ. ಆದರೆ ರೆಸಿನ್ ಸುಮಾರು 150 ಡಿಗ್ರಿ ಶಾಖಕ್ಕೇ ಸೋಲುತ್ತದೆ. ಸಾಸಿವೆ ಸಿಡಿಸಿದ ಬಾಣಲೆ, ದೋಸೆ ಎತ್ತಿದ ಕಬ್ಬಿಣದ ಹೆಂಚು ಅದಕ್ಕಿಂತ ಬಿಸಿಯಿರುತ್ತವೆ. ಒಲೆಯಿಂದ ಇಳಿಸಿದ್ದನ್ನು ಪಕ್ಕಕ್ಕೆ ಕುಕ್ಕುವುದು ನಮ್ಮ ಕೈಗೆ ಅಂಟಿದ ಚಾಳಿ. "ಕೆಳಗೆ ಮ್ಯಾಟ್ ಇಡಿ" ಎಂದು ಮಾರುವವರು ಹೇಳುತ್ತಾರೆ. ಸಾರು ಉಕ್ಕುತ್ತಿರುವಾಗ, ಬಾಗಿಲಲ್ಲಿ ಕೊರಿಯರ್‌ನವನು ಬೆಲ್ ಒತ್ತುತ್ತಿರುವಾಗ, ಮ್ಯಾಟ್ ಹುಡುಕಿ ಇಡುವವರನ್ನು ನಾನಂತೂ ನೋಡಿಲ್ಲ.

ಕಡಪಾ ಕಲ್ಲು ಅಗ್ಗ, ನಮ್ಮ ಎಷ್ಟೋ ಹಳೇ ಮನೆಗಳ ಕಟ್ಟೆ ಅದೇ. ಅದು ಸುಣ್ಣದ ಕಲ್ಲು. ನಿಂಬೆರಸ, ಹುಣಸೆಹುಳಿ ಬಿದ್ದಲ್ಲೆಲ್ಲ ಮಂಕು ಕಲೆ. ಹುಳಿಯಿಲ್ಲದೆ ಒಂದು ಹೊತ್ತೂ ಕಳೆಯದ ನಾಡಿಗೆ ಅದು ಕಪಾಟಿನ ಅಡ್ಡಹಲಗೆಯಾಗಿ ಸಾಕು. ಇಟಾಲಿಯನ್ ಮಾರ್ಬಲ್ಲಿಗೂ ಇದೇ ರೋಗ, ಬೆಲೆ ಮಾತ್ರ ಬೇರೆ.

ಗ್ರಾನೈಟ್ ಈಗ ಹಳತಾಯಿತು ಎನ್ನುವ ಮಾತು ಡಿಸೈನರುಗಳ ಬಾಯಲ್ಲಿ ಕೇಳಿದಾಗ ನಗು ಬರುತ್ತದೆ. ಇಳಕಲ್ಲಿನ ಕೆಂಪು, ಚಾಮರಾಜನಗರದ ಕಪ್ಪು ಎಂದು ಹೊರದೇಶಗಳಿಗೆಲ್ಲ ಕಲ್ಲು ಕಳಿಸಿದ ರಾಜ್ಯ ನಮ್ಮದು. (ಆ ಕಪ್ಪು ಕಲ್ಲನ್ನು ಭೂವಿಜ್ಞಾನಿಗಳು ಗ್ರಾನೈಟ್ ಎನ್ನುವುದಿಲ್ಲ, ಡಾಲರೈಟ್ ಅನ್ನುತ್ತಾರೆ. ಅಡುಗೆ ಮಾಡುವವರಿಗೆ ಅದರಿಂದ ಏನೂ ಆಗಬೇಕಿಲ್ಲ.) ತಿಳಿಬಣ್ಣದ ಗ್ರಾನೈಟ್ ಎಣ್ಣೆ ಕುಡಿಯುತ್ತದೆ, ನಿಜ. ಗಾಢ ಬಣ್ಣದ್ದು ಎಲ್ಲವನ್ನೂ ನುಂಗಿಕೊಂಡು ಸುಮ್ಮನಿರುತ್ತದೆ, ಬಿಸಿ ಹೆಂಚನ್ನೂ.

ಅತ್ತೆಯ ಪ್ರಶ್ನೆಗೆ ಕಲ್ಲಿನ ಜಾತಿಗಿಂತ ಅದರ ಕೆಳಗೇನಿದೆ ಎನ್ನುವುದು ಮುಖ್ಯ ಎಂದು ತಡವಾಗಿ ಹೊಳೆಯಿತು. ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ. ಲಟ್ಟಿಸಿದರೆ ಹರಿಯುತ್ತದೆ, ಅಂಗೈಯಿಂದ ಬಡಿದೇ ಅಗಲ ಮಾಡಬೇಕು. ಮಾಡ್ಯುಲರ್ ಪದ್ಧತಿಯಲ್ಲಿ ಎರಡು ಸೆಂಟಿಮೀಟರ್ ಆಸುಪಾಸಿನ ಕಲ್ಲು ಪ್ಲೈವುಡ್ ಪೆಟ್ಟಿಗೆಗಳ ಮೇಲೆ ಕೂತಿರುತ್ತದೆ. ಬಡಿದರೆ ಪೆಟ್ಟಿಗೆ ಗುಂಯ್‌ಗುಡುತ್ತದೆ, ಒಳಗಿನ ಲೋಟಗಳು ಹಾಡುತ್ತವೆ. ನಮ್ಮ ಹಳೇ ಕಟ್ಟೆಯ ಕೆಳಗಿದ್ದದ್ದು ಕಾಂಕ್ರೀಟ್ ಸ್ಲ್ಯಾಬ್. ಬಂದ ಡಿಸೈನರುಗಳೆಲ್ಲ ಮೊದಲು ಒಡೆಯಲು ಹೇಳಿದ್ದು ಅದನ್ನೇ, ಅವರ ಪೆಟ್ಟಿಗೆಗಳ ಅಳತೆಗೆ ಅದು ಹೊಂದುವುದಿಲ್ಲವೆಂದು. ಕೊನೆಗೆ ಮುಕ್ಕಾಲು ಭಾಗ ಉಳಿಸಿಕೊಂಡು ಕೆಳಗೆ ಬಾಗಿಲು, ಡ್ರಾಯರು ಕೂರಿಸಿದೆವು. ಸೆಮಿ ಮಾಡ್ಯುಲರ್ ಎಂದು ಅದಕ್ಕೆ ಹೆಸರು. ಅವರು ಹೇಳುವ ಧಾಟಿ ಕೇಳಿದರೆ ಅರ್ಧ ಫೇಲಾದ ಹಾಗೆ.

ಕಲ್ಲು ಕೊಯ್ಯುವ ದಿನದ್ದೂ ಹೇಳಬೇಕು. ಕ್ವಾರ್ಟ್ಜ್ ಹಲಗೆ ಕೊಯ್ಯುವಾಗ ಏಳುವ ಸಿಲಿಕಾ ದೂಳು ಕೆಲಸಗಾರರ ಶ್ವಾಸಕೋಶ ಕೆಡಿಸುತ್ತದೆಂದು ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಅದನ್ನು ನಿಷೇಧಿಸಿದೆ. ಗ್ರಾನೈಟಿನಲ್ಲಿ ಸಿಲಿಕಾ ಕಡಿಮೆ, ಇಲ್ಲದೇ ಇಲ್ಲ. ನಾವು ಆರಿಸಿದ ಕಪ್ಪು ಕಲ್ಲನ್ನು ನಮ್ಮ ಬಾಲ್ಕನಿಯಲ್ಲಿ ಕೂತು ಕೊಯ್ದ ಹುಡುಗನ ಮುಖಕ್ಕೆ ಒಂದು ಟವೆಲ್ ಅಷ್ಟೇ. ನೀರು ಬಿಟ್ಟುಕೊಂಡು ಕೊಯ್ಯಪ್ಪಾ ಎಂದೆ. "ಕೆಳಗಿನ ಮನೆಗೆ ಇಳಿಯುತ್ತೆ ಮೇಡಂ" ಎಂದ. ಪೈಪು ನಾನೇ ಹಿಡಿದು ನಿಂತೆ. ಕೆಳಗಿನ ಮನೆಯವರು ಅದನ್ನಿನ್ನೂ ಮರೆತಿಲ್ಲ.

ಇನ್ನು ಎತ್ತರ. ಮಂಡ್ಯದ ಕಡೆಯ ನಮ್ಮಮ್ಮ ಐದಡಿ. ಶೋರೂಮಿನ ಕಟ್ಟೆ 34 ಇಂಚು. ಅದರ ಮೇಲೆ ಸ್ಟೌ, ಅದರ ಮೇಲೆ ಮುದ್ದೆ ಪಾತ್ರೆ, ಅದರೊಳಗೆ ಮುದ್ದೆ ಕೋಲು. ಕೋಲು ಹಿಡಿಯುವ ಜಾಗ ಅಮ್ಮನ ಹೆಗಲಿಗೂ ಮೇಲೆ ಹೋಗುತ್ತದೆ. ನೆಲದೊಲೆಯ ಕಾಲದಲ್ಲಿ ಕವೆಗೋಲಿನಿಂದ ಪಾತ್ರೆ ಅದುಮಿ, ಮೈಭಾರ ಹಾಕಿ ಹಿಟ್ಟು ತಿರುವುತ್ತಿದ್ದರು. ಮೇಲಿಂದ ಭಾರ ಬೀಳದಿದ್ದರೆ ಮುದ್ದೆ ಗಂಟಾಗುತ್ತದೆ. ಇಲ್ಲಿ ಹಾಬ್‌ಗೆ ಒಂದು ಅಂಕ ಕೊಡಲೇಬೇಕು, ನಾನು ಕೊಡಬಾರದೆಂದು ಹಟ ಹಿಡಿದಿದ್ದವಳು. ಕಲ್ಲಿನಲ್ಲಿ ಹುದುಗಿ ಕೂರುವುದರಿಂದ ಅದು ಪಾತ್ರೆಯನ್ನು ಕೊಂಚ ಕೆಳಗಿಳಿಸುತ್ತದೆ, ತಿರುವುವಾಗ ಸ್ಟೌನಂತೆ ಜಾರುವುದೂ ಇಲ್ಲ. ತೊಂದರೆ ಮುಂದಿನದು: ಕಲ್ಲಿನಲ್ಲಿ ಕೊಯ್ದ ಕಿಂಡಿ ಒಂದೊಂದು ಮಾದರಿಗೆ ಒಂದೊಂದು ಅಳತೆ. ಹಾಬ್ ಕೆಟ್ಟ ದಿನ ಆ ಕಿಂಡಿಗೆ ಸರಿಹೊಂದುವುದನ್ನೇ ಹುಡುಕಬೇಕು.

ಚಿಮ್ನಿಯ ಪೆಟ್ಟಿಗೆಯ ಮೇಲೆ ಗಂಟೆಗೆ 1200 ಘನ ಮೀಟರ್ ಎಂದು ಬರೆದಿರುತ್ತದೆ. ಕೊಳವೆ ಉದ್ದವಾದಂತೆ, ಪ್ರತಿ ತಿರುವಿಗೂ, ಎಳೆತ ಕುಗ್ಗುತ್ತದೆ. ಫಾಲ್ಸ್ ಸೀಲಿಂಗಿನ ಅಂದಕ್ಕೆ ಮೂರು ಕಡೆ ಬಾಗಿಸಿದ ಕೊಳವೆಗಿಂತ ಗೋಡೆಯಲ್ಲಿ ಕೂರಿಸಿದ ಎಕ್ಸಾಸ್ಟ್ ಫ್ಯಾನೇ ಮೇಲು. ಕೊಳವೆಯೇ ಇಲ್ಲದ ಚಿಮ್ನಿಗಳೂ ಇವೆ. ಅವು ಜಿಡ್ಡನ್ನು ಇಟ್ಟುಕೊಂಡು ಹಬೆ, ಸೆಕೆಯನ್ನು ನಿಮಗೇ ವಾಪಸು ಕೊಡುತ್ತವೆ.

ಯಂತ್ರಗಳಲ್ಲಿ ನನ್ನ ಪೂರ್ತಿ ಗೌರವ ಎರಡಕ್ಕೆ. ವಿದೇಶಿ ಬ್ಲೆಂಡರು ನಮ್ಮ ರುಬ್ಬುವ ಕೆಲಸದ ಎದುರು ಸೋತಿದ್ದರಿಂದ ಹುಟ್ಟಿದ ಸುಮೀತ್ ಮಿಕ್ಸಿ, ರುಬ್ಬುಗಲ್ಲಿಗೆ ಮೋಟಾರು ಕಟ್ಟಿದ ಕೊಯಮತ್ತೂರಿನ ಗ್ರೈಂಡರ್. ಎರಡೂ ಅಡುಗೆಮನೆಯ ಅತಿ ಕಷ್ಟದ ಕೆಲಸದಿಂದಲೇ ಶುರುವಾದವು. ಈಗಿನ ವಿನ್ಯಾಸಗಳಲ್ಲಿ ಮಿಕ್ಸಿಯನ್ನು ಷಟರಿನ ಹಿಂದೆ ಬಚ್ಚಿಡುತ್ತಾರೆ. ದಿನಕ್ಕೆ ಮೂರು ಸಲ ಹೊರಬರುವ ವಸ್ತುವಿಗೆ ಬಾಗಿಲೇಕೆ?

ನನ್ನ ಸೋಲೂ ಒಂದಿದೆ. ಬಾಗಿಲುಗಳಿಗೆ ಬಿಳಿ ಅಕ್ರಿಲಿಕ್ ಆರಿಸಿದವಳು ನಾನೇ, ಬಣ್ಣಕ್ಕೆ ಮರುಳಾಗಿ. ಎರಡನೇ ವಾರಕ್ಕೆ ಮಸಾಲೆ ಡ್ರಾಯರಿನ ಮೇಲೆ ಅರಿಸಿನದ ಐದು ಬೆರಳು ಮೂಡಿತು. ಅರಿಸಿನದ ಬಣ್ಣ ಬಿಸಿಲಿಗೆ ಮಾಸುತ್ತದೆ ಎಂದು ಓದಿದ್ದೆ. ನಮ್ಮ ಕಿಟಕಿಯ ಬಿಸಿಲು ಆ ಮೂಲೆಗೆ ಬರುವುದಿಲ್ಲ.

ಕೆಲಸವೆಲ್ಲ ಮುಗಿದು ತಿಂಗಳಾದ ಮೇಲೆ ಅತ್ತೆ ಊರಿನಿಂದ ಜೋಳದ ಹಿಟ್ಟು ತಂದರು. ಸೆರಗು ಸಿಕ್ಕಿಸಿ ಕಟ್ಟೆಯ ಮುಂದೆ ನಿಂತು, ಕಪ್ಪು ಕಲ್ಲಿನ ಮೇಲೆ ಹಿಟ್ಟು ಉದುರಿಸಿ ಬಡಿಯತೊಡಗಿದರು. ನಾಲ್ಕನೇ ರೊಟ್ಟಿಗೆ ಬೆಲ್ ಆಯಿತು. ಕೆಳಗಿನ ಮನೆಯವರು. "ಇನ್ನೂ ಕಾರ್ಪೆಂಟರ್ ಕೆಲಸ ಮುಗಿದಿಲ್ವಾ?"

ಅತ್ತೆ ಒಳಗಿನಿಂದಲೇ ಕೂಗಿದರು: "ಒಳಗ ಕರಿಯವ್ವಾ ಅವರನ್ನ, ಬಿಸಿ ಅದಾವು."