ಒಂದೇ ಬಾಣದ ಚಿತ್ರ

ಸ್ನಾಯುಕೋಶದಲ್ಲಿ ಕ್ಯಾಲ್ಸಿಯಂ ಹರಿಯುವ ಪಠ್ಯಚಿತ್ರಕ್ಕೆ ಅದರ ಯೋಗ್ಯತೆ ಮೀರಿದ ಮನ್ನಣೆ ಸಿಕ್ಕಿದೆ. ಕಾಮೋಠೆಯ ಎಂಜಿಎಂ ಮೆಡಿಕಲ್ ಕಾಲೇಜಿರಲಿ, ಮೈಸೂರಿನದಿರಲಿ, ಎಂಬಿಬಿಎಸ್ ಮೊದಲ ವರ್ಷದಲ್ಲಿ ಇದನ್ನು ಬರೆಯದೆ ಪಾಸಾದವರು ಕಡಿಮೆ. ಟಿ-ನಾಳ, ಪಕ್ಕದಲ್ಲಿ ಕ್ಯಾಲ್ಸಿಯಂ ಸಂಗ್ರಹವಾದ ಸಾರ್ಕೊಪ್ಲಾಸ್ಮಿಕ್ ರೆಟಿಕ್ಯುಲಂ, ಅದರ ಗೋಡೆಯಲ್ಲಿ ರಯನೊಡಿನ್ ಗ್ರಾಹಕ, ಅಲ್ಲಿಂದ ಹೊರಡುವ ಒಂದು ಬಾಣ. ನನ್ನ ತಕರಾರು ಆ ಬಾಣದ ಮೇಲೆ.

ಈ ದಾರಿ ಕ್ಯಾಲ್ಸಿಯಂಗೆ ಮಾತ್ರ ಮೀಸಲು ಎಂದು ಬಾಣ ನಂಬಿಸುತ್ತದೆ. ಹೊರಪೊರೆಯ ಎಲ್-ಮಾದರಿ ಕಾಲುವೆಗೆ ಆ ಮಾತು ಒಪ್ಪುತ್ತದೆ: ಸೋಡಿಯಂ ಅಯಾನಿನ ಗಾತ್ರವೂ ಹೆಚ್ಚುಕಡಿಮೆ ಅಷ್ಟೇ, ಆದರೂ ಅಲ್ಲಿನ ನಾಲ್ಕು ಗ್ಲುಟಮೇಟ್‌ಗಳು ಕ್ಯಾಲ್ಸಿಯಂ ಅನ್ನೇ ಹಿಡಿದು ಸಾಗಿಸುತ್ತವೆ. ರಯನೊಡಿನ್ ಗ್ರಾಹಕಕ್ಕೆ ಆ ಬಿಗಿ ಇಲ್ಲ. ಪೊಟ್ಯಾಸಿಯಂಗಿಂತ ಕ್ಯಾಲ್ಸಿಯಂ ಮೇಲೆ ಅದಕ್ಕಿರುವ ಒಲವು ಸುಮಾರು 7 ಪಟ್ಟು, ಅಷ್ಟೇ. ಆದರೂ ಹೊರಗೆ ನುಗ್ಗುವುದು ಕ್ಯಾಲ್ಸಿಯಮ್ಮೇ, ಏಕೆಂದರೆ ಸಂಗ್ರಹದೊಳಗೆ ಅದರ ಸಾಂದ್ರತೆ ಕೋಶದ್ರವದ್ದಕ್ಕಿಂತ ಸಾವಿರಾರು ಪಟ್ಟು. ಪೊಟ್ಯಾಸಿಯಂ ಎರಡೂ ಕಡೆ ಬಹುತೇಕ ಸಮ. ಈಗ ಲೆಕ್ಕ ಹಾಕಿ. ಒಂದೊಂದು ಕ್ಯಾಲ್ಸಿಯಂ ಅಯಾನು ಎರಡೆರಡು ಧನಾವೇಶ ಹೊತ್ತು ಹೊರಬಿದ್ದರೆ ಒಳಗೆ ಋಣಾವೇಶ ಕೂಡಬೇಕು, ಅದರ ಸೆಳೆತಕ್ಕೇ ಹರಿವು ಕ್ಷಣದಲ್ಲಿ ನಿಲ್ಲಬೇಕು. ನಿಲ್ಲುವುದಿಲ್ಲ. ಪೊಟ್ಯಾಸಿಯಂ ಎದುರಿನಿಂದ, ಅದೇ ಗ್ರಾಹಕದ ಮೂಲಕವೂ, ಒಳಬಂದು ಸರಿದೂಗಿಸುತ್ತದೆ. ಗ್ರಾಹಕದ ಸಡಿಲುತನವೇ ಅದರ ಜಾಣ್ಮೆ. ಒಂಟಿ ಬಾಣ ಅಳಿಸಿಹಾಕಿರುವುದು ಇದನ್ನೇ.

ಸಂಗ್ರಹ ಕೋಶದೊಳಗೇ ಇದೆಯೆಂದು ಚಿತ್ರ ಸ್ಪಷ್ಟವಾಗಿ ತೋರಿಸುತ್ತದೆ, ಒಪ್ಪುತ್ತೇನೆ.

'ಮೊದಲ ವರ್ಷಕ್ಕೆ ಇಷ್ಟು ಸಾಕು' ಎನ್ನುವ ಪಠ್ಯವಿಮರ್ಶಕರನ್ನು ಮಾತ್ರ ಒಪ್ಪಲಾರೆ. ಇದೇ ಚಿತ್ರವನ್ನು ಹೃದಯದ ಪಾಠಕ್ಕೂ ಎಳೆದು ತರುವವರು ಅವರೇ. ಕ್ಯಾಲ್ಸಿಯಂ ಇಲ್ಲದ ದ್ರವದಲ್ಲಿ ಕಪ್ಪೆಯ ಹೃದಯ ನಿಂತುಹೋಗುವುದನ್ನು ರಿಂಗರ್ 1883ರಲ್ಲೇ ತೋರಿಸಿದ್ದರು. 1972ರಲ್ಲಿ ಆರ್ಮ್‌ಸ್ಟ್ರಾಂಗ್, ಬೆಜಾನಿಲ್ಲಾ, ಹೊರೊವಿಟ್ಜ್ ಹೊರಗಿನ ಕ್ಯಾಲ್ಸಿಯಂ ಅನ್ನು ಬಹುತೇಕ ತೆಗೆದುಹಾಕಿದರು. ಕಪ್ಪೆಯ ಕಾಲಿನ ಸ್ನಾಯು ಆಗಲೂ ಮಿಡಿಯಿತು. ಹೃದಯದಲ್ಲಿ ಹೊರಗಿನಿಂದ ಬಂದ ಕ್ಯಾಲ್ಸಿಯಂ ಗ್ರಾಹಕವನ್ನು ತೆರೆಸುತ್ತದೆ. ಅಸ್ಥಿಸ್ನಾಯುವಿನಲ್ಲಿ ಎಲ್-ಮಾದರಿ ಪ್ರೋಟೀನು ವೋಲ್ಟೇಜ್ ಗ್ರಹಿಸಿ ನೇರ ಸಂಪರ್ಕದಿಂದಲೇ ತೆರೆಸುತ್ತದೆ. ಎರಡು ಬೇರೆ ಯಂತ್ರಗಳನ್ನು ಒಂದಾಗಿಸುವುದಕ್ಕೆ ಸರಳತೆ ಎನ್ನಲಾಗದು.

ಇದೇ ವಿದ್ಯಾರ್ಥಿ ಮುಂದೆ ಅರಿವಳಿಕೆ ವಿಭಾಗದಲ್ಲಿ ಮ್ಯಾಲಿಗ್ನಂಟ್ ಹೈಪರ್‌ಥರ್ಮಿಯಾ ಓದುತ್ತಾನೆ. ಗ್ರಾಹಕದ ಜೀನಿನಲ್ಲಿ ದೋಷವಿದ್ದವರಲ್ಲಿ ಹ್ಯಾಲೊಥೇನ್ ಕೊಟ್ಟಾಗ ಕ್ಯಾಲ್ಸಿಯಂ ಎಡೆಬಿಡದೆ ಸುರಿದು, ಸ್ನಾಯು ಸೆಟೆದು, ಮೈ ಕಾದು ಪ್ರಾಣಕ್ಕೇ ಬರುತ್ತದೆ. ಡ್ಯಾಂಟ್ರೊಲಿನ್ ಆ ಸೋರಿಕೆಯನ್ನು ತಗ್ಗಿಸುತ್ತದೆ. ವೋಲ್ಟೇಜ್ ಬದಲಾಗದೆಯೂ ತೆರೆದುಕೊಳ್ಳಬಲ್ಲ ಈ ಗ್ರಾಹಕವನ್ನು ಅವನು ಮೊದಲ ವರ್ಷದ ಚಿತ್ರದಲ್ಲಿ ನೋಡಿಯೇ ಇರುವುದಿಲ್ಲ.