ಅತಿಥಿಯಾಗುವುದು ಎಂದರೇನು: ಶಿಯಾವ್ಲು ಗುವೊ ಕಾದಂಬರಿಯ ತಪ್ಪು ಪದಗಳು

ಲಂಡನ್ನಿಗೆ ಇಂಗ್ಲಿಷ್ ಕಲಿಯಲು ಬಂದ ಚೀನೀ ಯುವತಿಯೊಬ್ಬಳು ಆಗಷ್ಟೇ ಪರಿಚಯವಾದ ಇಂಗ್ಲಿಷ್ ಗೆಳೆಯನಿಗೆ, ನೀನು ಇರುವ ಜಾಗ ನೋಡಬೇಕು ಎನ್ನುತ್ತಾಳೆ. ಅವನು 'ಬಿ ಮೈ ಗೆಸ್ಟ್' ಎನ್ನುತ್ತಾನೆ. ನೋಡು, ಅದಕ್ಕೇನಂತೆ ಎಂಬಷ್ಟೇ ಅದರ ಅರ್ಥ. ಅವಳಿಗೆ ಕೇಳಿಸಿದ್ದು 'ನನ್ನ ಅತಿಥಿಯಾಗು' ಎಂದು. ಸಾಮಾನು ಸಮೇತ ಅವನ ಮನೆಗೆ ಬಂದುಬಿಡುತ್ತಾಳೆ. ಶಿಯಾವ್ಲು ಗುವೊ ಅವರ 'ಎ ಕನ್ಸೈಸ್ ಚೈನೀಸ್–ಇಂಗ್ಲಿಷ್ ಡಿಕ್ಷನರಿ ಫಾರ್ ಲವರ್ಸ್' ಕಾದಂಬರಿಯಲ್ಲಿ ಇಬ್ಬರ ಸಂಸಾರ ಶುರುವಾಗುವುದು ಹೀಗೆ, ಎರಡು ಅರ್ಥಗಳ ನಡುವಿನ ಸಂದಿಯಲ್ಲಿ.

ಇದನ್ನು ಓದಿ ನಗದವರು ಕಡಿಮೆ. ಆದರೆ ನಾವು ನಗುತ್ತಿರುವುದು ಯಾವುದಕ್ಕೆ ಎಂದು ಸ್ವಲ್ಪ ನಿಂತು ಕೇಳಿಕೊಂಡರೆ ಕಾದಂಬರಿ ಬೇರೆಯಾಗಿ ಕಾಣತೊಡಗುತ್ತದೆ. ಎರಡನೆಯ ಭಾಷೆಯಲ್ಲಿ ಬರೆಯುವವರ ತಪ್ಪುಗಳಲ್ಲಿ ಎರಡು ಬಗೆ. ಒಂದು ವ್ಯಾಕರಣದ್ದು. ಚೀನೀ ಭಾಷೆಯಲ್ಲಿ ಕ್ರಿಯಾಪದ ಕಾಲಕ್ಕೆ ತಕ್ಕಂತೆ ರೂಪ ಬದಲಿಸುವುದಿಲ್ಲ. 'ಎ', 'ದ' ಇಲ್ಲ. ಬಹುವಚನಕ್ಕೆ ಕಡ್ಡಾಯದ ಪ್ರತ್ಯಯವಿಲ್ಲ. ಹಾಗಾಗಿ ಅವರ ಇಂಗ್ಲಿಷಿನಲ್ಲೂ ಇವು ಜಾರಿಹೋಗುತ್ತವೆ. ಬರೆದವರು ಹೊರಗಿನವರು, ಕಲಿಯುತ್ತಿದ್ದಾರೆ ಎಂದು ಓದುಗನಿಗೆ ತಕ್ಷಣ ತಿಳಿಯುತ್ತದೆ. ಕ್ಷಮಿಸಿ ಮುಂದೆ ಹೋಗುತ್ತಾನೆ. ಇನ್ನೊಂದು ಪದದ ಆಯ್ಕೆಯದ್ದು. ಇಲ್ಲಿ ವಾಕ್ಯ ನೆಟ್ಟಗೇ ಇರುತ್ತದೆ. ಇಟ್ಟ ಪದಕ್ಕೂ ಒಂದು ಅರ್ಥ ಇದ್ದೇ ಇರುತ್ತದೆ, ಬರೆದವರು ಉದ್ದೇಶಿಸಿದ್ದು ಅದಲ್ಲ ಅಷ್ಟೆ. ತಪ್ಪಾಗಿದೆ ಎಂಬುದೇ ಗೊತ್ತಾಗದ ಕಾರಣ ಓದುಗ ಅದನ್ನು ಭಾಷೆಯ ಖಾತೆಗೆ ಹಾಕದೆ ಮನುಷ್ಯನ ಖಾತೆಗೆ ಹಾಕುತ್ತಾನೆ: ಇವಳು ಒರಟಿ, ಇವನು ಸರ್ಕಾರದ ತುತ್ತೂರಿ, ಇವರಿಗೆ ಸಂಕೋಚವೇ ಇಲ್ಲ.

ಕಾದಂಬರಿಯ ಶೀರ್ಷಿಕೆಯಲ್ಲಿರುವ 'ಲವರ್' ಪದವನ್ನೇ ನೋಡಿ. ಚೀನೀ ಭಾಷೆಯ 'ಆಯ್‌ರೆನ್' ಅಕ್ಷರಶಃ 'ಪ್ರೀತಿಯ ವ್ಯಕ್ತಿ'. 1949ರ ನಂತರ ಚೀನಾದ ಮುಖ್ಯಭೂಮಿಯಲ್ಲಿ ಅದು ಗಂಡನಿಗೂ ಹೆಂಡತಿಗೂ ಸಮನಾಗಿ ಸಲ್ಲುವ ಪದವಾಗಿ ಬೆಳೆಯಿತು. ನಮ್ಮ 'ಯಜಮಾನರು', 'ಮನೆಯವಳು' ಎಂಬಂಥ, ಯಾರ ಜಾಗ ಎಲ್ಲಿ ಎಂದು ಹೇಳಿಬಿಡುವ ಹಳೆಯ ಪದಗಳನ್ನು ಪಕ್ಕಕ್ಕೆ ಸರಿಸಿ ಬಂದ ಪದ ಅದು. ನಿಘಂಟು ತೆರೆದರೆ ಅದರ ಎದುರಿಗೆ 'ಲವರ್' ಸಿಗುತ್ತದೆ. ಮಧ್ಯವಯಸ್ಸಿನ ಪ್ರಾಧ್ಯಾಪಕರೊಬ್ಬರು ಸಮಾವೇಶಕ್ಕೆ ನನ್ನ ಲವರ್ ಕೂಡ ಬರುತ್ತಾರೆ ಎಂದು ಇಂಗ್ಲಿಷಿನಲ್ಲಿ ಪತ್ರ ಬರೆದರೆ ವಾಕ್ಯದಲ್ಲಿ ಒಂದಕ್ಷರವೂ ತಪ್ಪಿಲ್ಲ. ಹಾಳಾಗುವುದು ಪ್ರಾಧ್ಯಾಪಕರ ಮರ್ಯಾದೆ. ಸಮಾನತೆಯ ಆಸೆಯಿಂದ ಚಲಾವಣೆಗೆ ಬಂದ ಮಾತು ಇಂಗ್ಲಿಷಿನ ಗಡಿ ದಾಟುತ್ತಿದ್ದಂತೆ ಕದ್ದ ಸಂಬಂಧದ ಮಾತಾಗುತ್ತದೆ. (ಇದೇ ಎರಡು ಲಿಪಿಚಿಹ್ನೆಗಳಿಗೆ ಇಂದಿನ ಜಪಾನೀ ಭಾಷೆಯಲ್ಲಿ ವಿವಾಹದಾಚೆಯ ಸಂಗಾತಿ ಎಂಬ ಅರ್ಥವೇ ಇದೆ.)

'ಶ್ವೆನ್‌ಚ್ವಾನ್' ಕನ್ನಡಿಗರಿಗೆ ವಿವರಿಸಲು ಸುಲಭ, ಏಕೆಂದರೆ ನಮ್ಮ 'ಪ್ರಚಾರ' ಹೆಚ್ಚುಕಡಿಮೆ ಅದೇ. ಸಿನಿಮಾಗೂ ಪ್ರಚಾರ, ಚುನಾವಣೆಗೂ ಪ್ರಚಾರ, ಪೋಲಿಯೊ ಲಸಿಕೆಗೂ ಪ್ರಚಾರ. ಪದಕ್ಕೆ ತನ್ನದೇ ಆದ ಕಹಿ ಇಲ್ಲ. ಚೀನೀ ಪದಕ್ಕೂ ಇಲ್ಲ. ಆದರೆ ಇಂಗ್ಲಿಷಿನ 'ಪ್ರಾಪಗ್ಯಾಂಡ'ಕ್ಕೆ ಇದೆ. 1622ರಲ್ಲಿ ರೋಮಿನ ಚರ್ಚು ಧರ್ಮಪ್ರಸಾರಕ್ಕೆ ಕಟ್ಟಿದ ಸಂಸ್ಥೆಯ ಹೆಸರಿನಿಂದ ಬಂದ ಆ ಪದ, ಮೊದಲ ಮಹಾಯುದ್ಧದ ನಂತರವಂತೂ ಸುಳ್ಳಿನ ವಾಸನೆ ಹತ್ತಿಸಿಕೊಂಡಿತು. ಚೀನೀ ಕಮ್ಯುನಿಸ್ಟ್ ಪಕ್ಷ ತನ್ನ ಪ್ರಚಾರ ವಿಭಾಗವನ್ನು ದಶಕಗಳ ಕಾಲ ಇಂಗ್ಲಿಷಿನಲ್ಲಿ 'ಪ್ರಾಪಗ್ಯಾಂಡ ಡಿಪಾರ್ಟ್‌ಮೆಂಟ್' ಎಂದೇ ಕರೆದುಕೊಂಡು, 1990ರ ದಶಕದ ಕೊನೆಯಲ್ಲಿ 'ಪಬ್ಲಿಸಿಟಿ' ಎಂದು ಬದಲಾಯಿಸಿತು. ಚೀನೀ ಹೆಸರು ಮಾತ್ರ ಹಾಗೆಯೇ ಉಳಿಯಿತು. ಆ ಕಚೇರಿ ಮಾಡುವ ಕೆಲಸವೂ ಹಾಗೆಯೇ ಉಳಿಯಿತು ಎನ್ನಿ. ಆದರೆ ತನ್ನ ಕಂಪನಿಯ ಜಾಹೀರಾತು ನೋಡಿಕೊಳ್ಳುವ ಹುಡುಗನೊಬ್ಬ ಉದ್ಯೋಗದ ಅರ್ಜಿಯಲ್ಲಿ ತನಗೆ 'ಪ್ರಾಪಗ್ಯಾಂಡ'ದಲ್ಲಿ ಮೂರು ವರ್ಷದ ಅನುಭವ ಇದೆ ಎಂದು ಬರೆದುಕೊಂಡರೆ ಅವನ ಹಿಂದೆ ಯಾವ ಪಕ್ಷವೂ ಇರುವುದಿಲ್ಲ, ಒಂದು ನಿಘಂಟು ಇರುತ್ತದೆ ಅಷ್ಟೆ. 'ಬು ಶುಫು' ಎಂದರೆ 'ಹಿತವಿಲ್ಲ', ಅಂದರೆ ಮೈಗೆ ಹುಷಾರಿಲ್ಲ. ಧಾರವಾಡದ ಕಡೆಯ 'ಆರಾಮಿಲ್ಲ' ಇದರ ಒಡಹುಟ್ಟು. ನಿನ್ನೆ ತರಗತಿಯಲ್ಲಿ 'ಅನ್‌ಕಂಫರ್ಟಬಲ್' ಆಗಿದ್ದೆ ಎಂದು ವಿದ್ಯಾರ್ಥಿನಿ ಬರೆದದ್ದನ್ನು ಓದಿದ ಇಂಗ್ಲಿಷ್ ಮೇಷ್ಟ್ರು, ತಾನು ಏನು ಅನುಚಿತ ಮಾತಾಡಿದೆ ಎಂದು ಚಿಂತಿಸುತ್ತಾ ಕೂರಬಹುದು.

ಇವನ್ನೆಲ್ಲ ಕಲಿಯುವವರ ಅಜ್ಞಾನ ಎನ್ನುವುದು ವಾಡಿಕೆ. ನನಗೆ ಅದು ಒಪ್ಪಿಗೆಯಿಲ್ಲ. ಇವು ಎಚ್ಚರಿಕೆಯಿಂದ ಮಾಡಿದ ತಪ್ಪುಗಳು. ನಿಘಂಟು ನೋಡದವನಿಗಿಂತ ನೋಡಿದವನೇ ಇಲ್ಲಿ ಹೆಚ್ಚು ಎಡವುತ್ತಾನೆ, ಏಕೆಂದರೆ ಜೇಬಿನ ನಿಘಂಟು ಎರಡು ಪದಗಳ ನಡುವೆ ಸಮ ಚಿಹ್ನೆ ಹಾಕಿ ಕೈ ತೊಳೆದುಕೊಳ್ಳುತ್ತದೆ. ಆ ಸಮ ಚಿಹ್ನೆ ಆಕಾಶದಿಂದ ಬಿದ್ದದ್ದಲ್ಲ. ವಿದ್ವಾಂಸೆ ಲಿಡಿಯಾ ಲಿಯು 'ಟ್ರಾನ್ಸ್‌ಲಿಂಗ್ವಲ್ ಪ್ರಾಕ್ಟೀಸ್' (1995), 'ದ ಕ್ಲಾಶ್ ಆಫ್ ಎಂಪೈರ್ಸ್' (2004) ಕೃತಿಗಳಲ್ಲಿ ತೋರಿಸಿದ್ದು ಇದನ್ನೇ: ಪದಗಳ ಸಮಾನತೆ ಇರುವ ವಸ್ತುವಲ್ಲ, ಚರಿತ್ರೆಯಲ್ಲಿ ಕಟ್ಟಿದ್ದು, ಕೆಲವೊಮ್ಮೆ ಬಲವಂತದಿಂದ. ಹೊರಗಿನವರನ್ನು ಸೂಚಿಸುತ್ತಿದ್ದ 'ಯಿ' ಪದವನ್ನು ಬ್ರಿಟಿಷರು 'ಬಾರ್ಬೇರಿಯನ್' ಎಂದು ಅರ್ಥೈಸಿ, 1858ರ ತಿಯೆನ್‌ಜಿನ್ ಒಪ್ಪಂದದ 51ನೇ ವಿಧಿಯಲ್ಲಿ ತಮ್ಮ ಬಗ್ಗೆ ಸರ್ಕಾರಿ ಪತ್ರಗಳಲ್ಲಿ ಆ ಪದ ಬಳಸಕೂಡದೆಂದು ಬರೆಸಿಕೊಂಡರು. ಒಂದು ಪದದ ಅರ್ಥ ಇಷ್ಟೇ ಎಂದು ತೀರ್ಮಾನವಾದದ್ದು ಸೋತ ಯುದ್ಧದ ಕಾಗದದಲ್ಲಿ. ನಮ್ಮ ಕಿಟೆಲ್ ನಿಘಂಟೂ (1894) ಅದೇ ಶತಮಾನದ ಮಿಷನರಿ ಶ್ರಮದಿಂದ ಹುಟ್ಟಿದ್ದು. ಆದರೆ ಕಿಟೆಲ್ ಪದದ ಜೊತೆಗೆ ಕಾವ್ಯಗಳ ಪ್ರಯೋಗವನ್ನೂ ಗಾದೆಗಳನ್ನೂ ಕೊಡುತ್ತಾರೆ, ಪದ ಯಾರ ಬಾಯಲ್ಲಿ ಹೇಗೆ ಓಡಾಡಿತ್ತು ಎಂಬುದರ ಸುಳಿವು ಸಿಗುತ್ತದೆ. 'ಕನ್ಸೈಸ್' ನಿಘಂಟಿನಲ್ಲಿ ಮೊದಲು ಹೋಗುವುದೇ ಆ ಬಾಯಿ.

ಗುವೊ ಅವರ ನಾಯಕಿಯ ಕೈಯಲ್ಲಿರುವುದು ಇಂಥ ನಿಘಂಟು. ಅವಳ ಹೆಸರು ಜ್ವಾಂಗ್ ಶಿಯಾವ್ ಚಿಯಾವ್. ಇಂಗ್ಲಿಷರ ನಾಲಿಗೆಗೆ ಹೊರಳದ ಕಾರಣ ಅವಳೇ ಅದನ್ನು 'ಝಡ್' ಎಂದು ಮೊಟಕುಗೊಳಿಸಿಕೊಳ್ಳುತ್ತಾಳೆ. ಪ್ರತಿ ಅಧ್ಯಾಯದ ತಲೆಯ ಮೇಲೆ ಒಂದು ಇಂಗ್ಲಿಷ್ ಪದ, ಅದರ ನಿಘಂಟಿನ ಅರ್ಥ, ಆಮೇಲೆ ಆ ಅರ್ಥ ಅವಳ ಬದುಕಿನಲ್ಲಿ ಹೇಗೆ ಕೈಕೊಟ್ಟಿತು ಎಂಬುದು. ವಿಮಾನ ನಿಲ್ದಾಣದ 'ಏಲಿಯನ್' ಫಲಕ ಅವಳಿಗೆ ಹಾಲಿವುಡ್ ಸಿನಿಮಾ ನೆನಪಿಸುತ್ತದೆ. 1973ರಲ್ಲಿ ಹುಟ್ಟಿ, ಜೆಜಿಯಾಂಗಿನ ಮೀನುಗಾರರ ಹಳ್ಳಿಯಲ್ಲಿ ಬೆಳೆದು, ಚೀನೀ ಭಾಷೆಯಲ್ಲಿ ಬರೆಯುತ್ತಿದ್ದ ಗುವೊ ಲಂಡನ್ನಿಗೆ ಬಂದದ್ದು 2002ರಲ್ಲಿ. ಐದೇ ವರ್ಷದಲ್ಲಿ ಈ ಇಂಗ್ಲಿಷ್ ಕಾದಂಬರಿ ಪ್ರಕಟವಾಗಿ ಆರೆಂಜ್ ಪ್ರಶಸ್ತಿಯ ಅಂತಿಮ ಪಟ್ಟಿಗೂ ಬಂತು.

ಈಗ 'ಗೆಸ್ಟ್' ಪದಕ್ಕೆ ಮರಳೋಣ. ಚೀನೀ ಭಾಷೆಯಲ್ಲಿ ಅತಿಥಿ 'ಕರೆನ್'. ಸೌಜನ್ಯಕ್ಕೆ ಬಳಸುವ 'ಕಚಿ' ಪದದಲ್ಲೂ ಅದೇ ಅತಿಥಿ ಇದ್ದಾನೆ. ಬಿಡಿಸಿದರೆ 'ಅತಿಥಿಯ ಭಾವ'. ಮನೆಗೆ ಬಂದವರಿಗೆ ಹೇಳುವ ಉಪಚಾರದ ಮಾತು 'ಬಿಯೆ ಕಚಿ', ಅತಿಥಿಯ ಹಾಗೆ ನಡೆದುಕೊಳ್ಳಬೇಡಿ. ನಮ್ಮ 'ಸಂಕೋಚ ಮಾಡ್ಕೋಬೇಡಿ, ನಿಮ್ಮನೆ ಅಂತ ತಿಳ್ಕೊಳ್ಳಿ' ಎನ್ನುವುದೂ ಇದೇ ಜಾಡಿನದು. ಅಂದರೆ ಅಲ್ಲಿ ಔಪಚಾರಿಕತೆ 'ಅತಿಥಿಯಾಗಬೇಡ' ಎನ್ನುತ್ತದೆ. ಇಂಗ್ಲಿಷಿನ ಔಪಚಾರಿಕತೆ 'ಅತಿಥಿಯಾಗು' ಎಂದು ಬಾಯಲ್ಲಿ ಹೇಳಿ, ಬಾಗಿಲನ್ನು ಅರ್ಧ ಮಾತ್ರ ತೆರೆಯುತ್ತದೆ. ಎರಡು ಕಡೆಯೂ ಮಾತಿನ ಅರ್ಥ ಮಾತಿನಲ್ಲಿಲ್ಲ. ಝಡ್ ತಪ್ಪುವುದು ಉಪಚಾರ ಎಂಬುದೇ ಗೊತ್ತಿಲ್ಲದ ಕಾರಣಕ್ಕಲ್ಲ. ಪರಭಾಷೆಯಲ್ಲಿ ಯಾವುದು ಉಪಚಾರ, ಯಾವುದು ಮಾತು ಎಂದು ಬೇರ್ಪಡಿಸುವ ಕಿವಿ ಕೊನೆಗೆ ಬರುವುದರಿಂದ. ಅಲ್ಲಿಯವರೆಗೆ ಪ್ರತಿ ಮಾತನ್ನೂ ಅವಳು ನಂಬಬೇಕಾಗುತ್ತದೆ.

'ಪ್ರೈವೆಸಿ' ಪದದ ಪ್ರಸಂಗದಲ್ಲಿ ನಗು ನಿಂತುಹೋಗುತ್ತದೆ. ಅವನಿಲ್ಲದಾಗ ಝಡ್ ಅವನ ಹಳೆಯ ಕಾಗದಪತ್ರಗಳನ್ನು, ದಿನಚರಿಗಳನ್ನು ಓದುತ್ತಾಳೆ. ಅವನಿಗೆ ಸಿಟ್ಟು, ಅವಳಿಗೆ ಆ ಸಿಟ್ಟೇ ಅರ್ಥವಾಗುವುದಿಲ್ಲ. ಒಟ್ಟಿಗೆ ಬದುಕುವವರ ನಡುವೆ ಮುಚ್ಚಿಡುವುದೇನು? ಚೀನೀ ಭಾಷೆಯಲ್ಲಿ ಇದಕ್ಕೆ ಕೊಡುವ 'ಯಿನ್‌ಸ' ಪದದಲ್ಲಿನ 'ಸ' ಎಂದರೆ ಖಾಸಗಿ. ಅದೇ 'ಸ' ಸ್ವಾರ್ಥದಲ್ಲಿದೆ, ಕಳ್ಳಸಾಗಣೆಯಲ್ಲಿದೆ, ಹಾದರದಲ್ಲಿದೆ. ಹಾಗಾಗಿ ಅವನು ಗೌರವದ ವಿಷಯವಾಗಿ ಕಾಯ್ದುಕೊಂಡದ್ದು ಅವಳಿಗೆ ಅಪರಾಧದ ಹಾಗೆ ಕಂಡರೆ ಆಶ್ಚರ್ಯವಿಲ್ಲ. 'ಖಾಸಗಿ' ನಮಗೂ ಅರಬ್ಬಿ–ಪಾರಸಿಯಿಂದ ಬಂದ ಪದ. ಅಚ್ಚಕನ್ನಡದ 'ಗುಟ್ಟು' ಅದರ ಕೆಲಸ ಮಾಡುವುದಿಲ್ಲ, ಅದರಲ್ಲೂ ಏನೋ ಬಯಲಾಗಬಾರದ್ದರ ನೆರಳಿದೆ. ಆದರೆ ಪದವಿಲ್ಲದಿದ್ದರೆ ಭಾವವೂ ಇಲ್ಲ ಎಂದು ಇಲ್ಲಿಂದ ಹಾರುವುದು ಅಪಾಯ. ನನ್ನ ಆಕ್ಷೇಪ ಶುರುವಾಗುವುದು ಇಲ್ಲೇ. ಕಾದಂಬರಿ ಮುಂದೆ ಹೋದಂತೆ ಝಡ್‌ಳ ಇಂಗ್ಲಿಷ್ ಸುಧಾರಿಸುತ್ತದೆ, ಪದಗಳು ಎಡವುವುದು ಕಡಿಮೆಯಾಗುತ್ತದೆ, ಅವುಗಳ ಜಾಗಕ್ಕೆ ನಾವು ಚೀನೀಯರು ಹೀಗೆ, ನೀವು ಪಶ್ಚಿಮದವರು ಹಾಗೆ ಎಂಬ ವಿವರಣೆಗಳು ಬರುತ್ತವೆ. ಸಮೂಹ ಒಂದು ಕಡೆ, ವ್ಯಕ್ತಿ ಇನ್ನೊಂದು ಕಡೆ. ಪದಗಳ ನಡುವಿನ ಸಮ ಚಿಹ್ನೆಯನ್ನು ಒಡೆದ ಕಾದಂಬರಿ ಎರಡು ದೇಶಗಳ ನಡುವೆ ಅಷ್ಟೇ ಸರಳವಾದ ಗೆರೆ ಎಳೆಯುತ್ತದೆ. 'ಗೆಸ್ಟ್' ಅಧ್ಯಾಯಕ್ಕಿದ್ದ ಸೂಕ್ಷ್ಮ ಈ ಪುಟಗಳಿಗಿಲ್ಲ.

ಇದನ್ನು ಹೇಳುವಾಗ ಹಾ ಜಿನ್ ನೆನಪಾಗುತ್ತಾರೆ. 1985ರಲ್ಲಿ ಅಮೆರಿಕಕ್ಕೆ ಹೋಗಿ, 1989ರ ತಿಯಾನನ್‌ಮೆನ್ ಹತ್ಯಾಕಾಂಡದ ನಂತರ ಇಂಗ್ಲಿಷಿನಲ್ಲೇ ಬರೆಯಲು ನಿರ್ಧರಿಸಿದವರು. 'ವೇಟಿಂಗ್' ಕಾದಂಬರಿಗೆ 1999ರ ನ್ಯಾಷನಲ್ ಬುಕ್ ಅವಾರ್ಡ್ ಬಂತು. ಅಷ್ಟಾದರೂ 2007ರಲ್ಲಿ ಅವರ 'ಎ ಫ್ರೀ ಲೈಫ್' ಬಗ್ಗೆ ಬರೆದ ಜಾನ್ ಅಪ್ಡೈಕ್ ಅದರ ಇಂಗ್ಲಿಷಿನ ಒಡ್ಡುತನವನ್ನು ಎತ್ತಿ ತೋರಿಸಿದರು. ಇಂಗ್ಲಿಷಿನಲ್ಲಿ ಪರಕೀಯತೆಗೂ ಜಾಗವಿರಬೇಕೆಂದು ಹಾ ಜಿನ್ ಮುಂದೆ ಪ್ರಬಂಧವೊಂದರಲ್ಲಿ ವಾದಿಸಿದ್ದಾರೆ. ಹಾಸನದ ರಾಜಾರಾವ್ 1938ರಲ್ಲೇ 'ಕಾಂತಾಪುರ'ದಲ್ಲಿ ಕನ್ನಡದ ಲಯವನ್ನು ಇಂಗ್ಲಿಷಿಗೆ ತುಂಬಿದಾಗ ಅದನ್ನು ಪ್ರಯೋಗ ಎಂದು ಓದಲು ಕಲಿತವರು ನಾವು. ಹಾ ಜಿನ್‌ಗೆ ಆ ರಿಯಾಯಿತಿ ಪೂರ್ತಿ ಸಿಗಲಿಲ್ಲ. ಯಾವ ಬಾಗನ್ನು ಶೈಲಿ ಎನ್ನಬೇಕು, ಯಾವುದನ್ನು ತಪ್ಪು ಎನ್ನಬೇಕು ಎಂಬುದು ಪುಟದ ಮೇಲಿರುವುದರಿಂದ ಮಾತ್ರ ತೀರ್ಮಾನವಾಗುವುದಿಲ್ಲ. ಗುವೊ ಈ ಸಮಸ್ಯೆಯನ್ನು ಜಾಣತನದಿಂದ ದಾಟಿದರು: ತಪ್ಪುಗಳನ್ನೆಲ್ಲ ಪಾತ್ರದ ತಲೆಗೆ ಕಟ್ಟಿ. ಲೇಖಕಿಯ ಇಂಗ್ಲಿಷನ್ನು ಯಾರೂ ತಿದ್ದುವ ಹಾಗಿಲ್ಲ. ಆದರೆ ಅದರ ಬೆಲೆಯನ್ನು ಝಡ್ ಕೊಡುತ್ತಾಳೆ. ಅವಳು ಓದುಗರಿಗೆ ಮುದ್ದಾಗಿ, ಮಗುವಿನ ಹಾಗೆ ಕಾಣುತ್ತಾಳೆ.

ಗುವೊಗೆ ಇದು ಗೊತ್ತಿತ್ತು ಎನ್ನುವುದಕ್ಕೆ ಕಾದಂಬರಿಯಲ್ಲೇ ಒಂದು ಪುಟ ಸಾಕ್ಷಿ. 'ನಾನ್‌ಸೆನ್ಸ್' ಎಂಬ ಅಧ್ಯಾಯದಲ್ಲಿ ಝಡ್ ಇದ್ದಕ್ಕಿದ್ದಂತೆ ಇಂಗ್ಲಿಷ್ ಬಿಟ್ಟು ಚೀನೀ ಭಾಷೆಗೆ ಹೊರಳುತ್ತಾಳೆ. ಪುಟದ ತುಂಬ ಚೀನೀ ಲಿಪಿ. ಅದನ್ನು ಓದಲಾರದ ನಾವು ಒಂದು ಗಳಿಗೆ ಅವಳು ಹೀಥ್ರೂವಿನಲ್ಲಿ ನಿಂತಿದ್ದ ಜಾಗದಲ್ಲಿ ನಿಲ್ಲುತ್ತೇವೆ. ಆಮೇಲೆ ಸಂಪಾದಕರ ಅನುವಾದ ಎಂಬ ಸೂಚನೆಯೊಂದಿಗೆ ಅದೇ ಮಾತು ಇಂಗ್ಲಿಷಿನಲ್ಲಿ ಬರುತ್ತದೆ: ಇಂಗ್ಲಿಷಿನಲ್ಲಿ ಮಾತಾಡಿ, ಬರೆದು ಸಾಕಾಗಿದೆ, ಕಟ್ಟಿಹಾಕಿದಂತಾಗಿದೆ ಎಂಬ ದೂರು. ಆ ಅನುವಾದದಲ್ಲಿ ಒಂದು ತಪ್ಪಿಲ್ಲ. ಅಲ್ಲಿ ಮಾತಾಡುತ್ತಿರುವವಳು ಮುದ್ದು ಹುಡುಗಿಯಲ್ಲ; ದಣಿದ, ಚುರುಕಾದ, ಸಿಟ್ಟಿನ ಹೆಂಗಸು. ಅಲ್ಲಿಯವರೆಗೆ ನಾವು ಅವಳ ಸ್ವಭಾವ ಎಂದುಕೊಂಡದ್ದರಲ್ಲಿ ಎಷ್ಟು ಅವಳದ್ದು, ಎಷ್ಟು ಜೇಬಿನ ನಿಘಂಟಿನದ್ದು ಎಂದು ಲೆಕ್ಕ ಹಾಕಲು ಮತ್ತೆ ಮೊದಲ ಪುಟಕ್ಕೆ ಹೋಗಬೇಕಾಗುತ್ತದೆ. ಗುವೊ ಆ ಚೀನೀ ಪುಟವನ್ನು ಅನುವಾದವಿಲ್ಲದೆಯೇ ಬಿಡಬಹುದಿತ್ತು ಎಂದು ವಾದಿಸುವವರಿರಬಹುದು. ನಾನು ಅವರ ಜೊತೆಗಿಲ್ಲ. ಅನುವಾದ ಇಲ್ಲದಿದ್ದರೆ ಆ ಪುಟ ನಮಗೆ ಬರೀ ಚಿತ್ರ, ಆ ಹೆಂಗಸಿನ ದನಿ ನಮಗೆ ಕೇಳಿಸುತ್ತಲೇ ಇರಲಿಲ್ಲ.