ಸಹಿಗೆ ಮೊದಲು ಪ್ರಶ್ನೆ

ಔಷಧ ಸಂಶೋಧನೆಯೆಂದರೆ ವೈದ್ಯರು ಪ್ರಶ್ನೆ ಹಾಕುವುದು, ರೋಗಿ ಮೈಯೊಡ್ಡುವುದು ಎಂಬುದೇ ನಮ್ಮಲ್ಲಿ ಬಹುಮಂದಿಯ ತಿಳಿವಳಿಕೆ. ಇದನ್ನು ಅಲುಗಿಸುವ ಇಂಗ್ಲಿಷ್ ಪುಸ್ತಕವೊಂದಿದೆ: 'ಟೆಸ್ಟಿಂಗ್ ಟ್ರೀಟ್‌ಮೆಂಟ್ಸ್'. 2006ರಲ್ಲಿ ಪ್ರಕಟವಾಗಿ 2011ರಲ್ಲಿ ಪರಿಷ್ಕೃತವಾದ ಈ ಕೃತಿಯ ಲೇಖಕರಲ್ಲಿ ವೈದ್ಯರಾದ ಇಯನ್ ಚಾಮರ್ಸ್‌ರವರ ಜೊತೆಗೆ ಹೇಜಲ್ ಥಾರ್ನ್‌ಟನ್ ಎಂಬ ರೋಗಿಯೂ ಇದ್ದಾರೆ. ಪುಸ್ತಕದ ಹೆಚ್ಚುಗಾರಿಕೆ ಇರುವುದೇ ಇಲ್ಲಿ.

ಬ್ರಿಟನ್ನಿನ ಥಾರ್ನ್‌ಟನ್‌ರವರನ್ನು ಸ್ತನ ಕ್ಯಾನ್ಸರಿನ ಆರಂಭದ ಹಂತದ ಚಿಕಿತ್ಸೆಯ ಪ್ರಯೋಗಕ್ಕೆ ಸೇರಲು ಕೇಳಿದಾಗ, ಅವರು ಒಪ್ಪಲಿಲ್ಲ. ಒಪ್ಪದೆ ಸುಮ್ಮನೂ ಕೂಡಲಿಲ್ಲ. ರೋಗಿಯ ಕಣ್ಣಿಗೆ ಅಂಥ ಪ್ರಯೋಗ ಹೇಗೆ ಕಾಣುತ್ತದೆಂದು 1992ರಲ್ಲಿ 'ಲ್ಯಾನ್ಸೆಟ್' ವೈದ್ಯಪತ್ರಿಕೆಯಲ್ಲಿ ಬರೆದರು.

ಮೊಣಕಾಲಿನ ಸಂಧಿವಾತದ ಉದಾಹರಣೆ ನಮಗೆ ಬಹಳ ಹಿಡಿಸಿತು. ಪ್ರಯೋಗಗಳಲ್ಲಿ ಬಹುಪಾಲು ಔಷಧಗಳನ್ನು ಕುರಿತವು. ರೋಗಿಗಳು ತಿಳಿಯಬಯಸಿದ್ದಾದರೋ ವ್ಯಾಯಾಮ ಚಿಕಿತ್ಸೆ, ಶಸ್ತ್ರಚಿಕಿತ್ಸೆ, ನೋವಿನೊಡನೆ ಬಾಳುವ ಬಗೆ. ಮೂರನೇ ಮಹಡಿಯ ಮನೆಗೆ ಕಂಬಿ ಹಿಡಿದು ಹತ್ತುವ ನಮ್ಮ ತಾಯಂದಿರಿಗೆ ಇದನ್ನು ವಿವರಿಸಬೇಕಾಗಿಲ್ಲ. ಈ ಅಂತರವನ್ನು ತುಂಬಲೆಂದೇ ಬ್ರಿಟನ್ನಿನಲ್ಲಿ 2004ರಲ್ಲಿ ಜೇಮ್ಸ್ ಲಿಂಡ್ ಅಲಯನ್ಸ್ ಹುಟ್ಟಿತು. ಅಲ್ಲಿ ರೋಗಿಗಳೂ ವೈದ್ಯರೂ ಒಟ್ಟಿಗೆ ಕುಳಿತು, ಸಂಶೋಧನೆಗೆ ಮೊದಲು ಯಾವ ಪ್ರಶ್ನೆ ಬೇಕೆಂದು ಆರಿಸುತ್ತಾರೆ.

ಹಾಗೆಂದು ರೋಗಿ ಹೇಳಿದ್ದೆಲ್ಲ ಸರಿಯೆಂದು ಲೇಖಕರು ತಲೆದೂಗುವುದಿಲ್ಲ. 1990ರ ದಶಕದಲ್ಲಿ ಅಮೆರಿಕದಲ್ಲಿ, ಸ್ತನ ಕ್ಯಾನ್ಸರಿಗೆ ಅತಿಪ್ರಮಾಣದ ಔಷಧ ಕೊಟ್ಟು ಅಸ್ಥಿಮಜ್ಜೆ ಕಸಿ ಮಾಡುವ ಚಿಕಿತ್ಸೆ ಬೇಕೇ ಬೇಕೆಂದು ಹಲವು ರೋಗಿಗಳೂ ವೈದ್ಯರೂ ಹಟ ಹಿಡಿದರು. ಸಾವಿರಾರು ಮಹಿಳೆಯರು ಪ್ರಯೋಗದ ಹೊರಗೇ ಅದನ್ನು ಪಡೆದುದರಿಂದ ನ್ಯಾಯವಾದ ಹೋಲಿಕೆ ತಡವಾಯಿತು. ಕಡೆಗೆ ಅದು ಸಾಮಾನ್ಯ ಚಿಕಿತ್ಸೆಗಿಂತ ಮೇಲಲ್ಲವೆಂದು ತಿಳಿಯಿತು. ಅಷ್ಟರಲ್ಲಿ ಆ ಚಿಕಿತ್ಸೆಯಿಂದಲೇ ಕೆಲವರು ತೀರಿಕೊಂಡಿದ್ದರು. ಪಾಲುಗಾರಿಕೆಯೆಂದರೆ ಕೇಳಿದ್ದು ಕೊಡುವುದಲ್ಲ, ಕೂಡಿ ಪರೀಕ್ಷಿಸುವುದು ಎಂಬ ಈ ನಿಷ್ಠುರತೆಯನ್ನು ಮೆಚ್ಚಬೇಕು.

ಕೊರತೆಯನ್ನೂ ಹೇಳಬೇಕಾಗಿದೆ. ವೈದ್ಯರೆದುರು ಅವರ ಭಾಷೆಯಲ್ಲೇ ಸಮನಾಗಿ ವಾದಿಸಬಲ್ಲ ರೋಗಿಯೇ ಲೇಖಕರ ಮನಸ್ಸಿನಲ್ಲಿರುವಂತಿದೆ. ಪರಭಾಷೆಯ ಊರಿನಲ್ಲಿ ಕಾಯಿಲೆ ಬಿದ್ದ ನಮ್ಮ ಅಜ್ಜಿ ಇಲ್ಲಿ ಎಲ್ಲಿದ್ದಾಳೆ? ನಮ್ಮ ದೇಶದ 2019ರ ಔಷಧ ಪ್ರಯೋಗ ನಿಯಮಗಳು ನೈತಿಕ ಸಮಿತಿಯಲ್ಲಿ ಒಬ್ಬ ಸಾಮಾನ್ಯ ವ್ಯಕ್ತಿ ಇರಬೇಕೆನ್ನುತ್ತವೆ. ಒಪ್ಪಿಗೆ ಕೇಳುವಾಗ ರೋಗಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕೆನ್ನುತ್ತವೆ. ಒಳ್ಳೆಯದೇ. ಆದರೆ ಸಮಿತಿಯೆದುರು ಬರುವುದು ಸಿದ್ಧವಾದ ಯೋಜನೆ. ಟಿಪ್ಪಣಿಯೆಲ್ಲ ಮುಗಿದು ಸಹಿಗೆ ಬಂದ ಕಡತದಲ್ಲಿ ಅಲ್ಪಸ್ವಲ್ಪ ತಿದ್ದಬಹುದು, ವಿಷಯವನ್ನೇ ಬದಲಿಸುವುದು ಕಷ್ಟವೆಂದು ಸರ್ಕಾರಿ ಮೇಜಿನ ಮುಂದೆ ಕೂದಲು ನರೆಸಿಕೊಂಡ ನಾವು ಬಲ್ಲೆವು.

ಪುಸ್ತಕ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಇಂಗ್ಲಿಷ್ ಬಲ್ಲ ಮಕ್ಕಳು ಓದಿ, ಮನೆಯ ಹಿರಿಯರಿಗೆ ಕನ್ನಡದಲ್ಲಿ ಹೇಳಲಿ. ಆಸ್ಪತ್ರೆಯಲ್ಲಿ ಒಪ್ಪಿಗೆ ಪತ್ರ ಮುಂದಿಟ್ಟಾಗ ಎರಡು ಮಾತು ಕೇಳೋಣ: ಇದು ಕನ್ನಡದಲ್ಲಿ ಇದೆಯೇ? ಈ ಪ್ರಶ್ನೆಯನ್ನು ಆರಿಸುವಾಗ ರೋಗಿಗಳು ಯಾರಾದರೂ ಇದ್ದರೇ?